ಖಾಲಿ ಪಾಕೀಟಿನ ಭಿಕ್ಷೆ

ಅಳವಂಡಿಯ ನಮ್ಮ ಓಣಿಗೆ ಸೋಮವಾರ ಭಿಕ್ಷೆಗೆ ಬರುತ್ತಿದ್ದ ಅಯ್ಯನವರು ಹೊಸ್ತಿಲ ಮುಂದೆ ನಿಂತು, ಜೋಳಿಗೆಯ ಬಾಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿಯುತ್ತಿದ್ದರು. ಮನೆಯವರು ಜೋಳದ ಹಿಟ್ಟು ಹಾಕುತ್ತಿದ್ದರು. ಟೀಬಿ ಆದಮೇಲೆ ನಮ್ಮವ್ವ ಹೊರಗೆ ಬರುವುದನ್ನೇ ಬಿಟ್ಟಳು. ರೋಗದ ಕೈಯಿಂದ ಅಯ್ಯನವರಿಗೆ ಹೇಗೆ ನೀಡುವುದು ಎಂದು ಅವಳಿಗೆ ನಾಚಿಕೆ.

ಒಂದು ಸೋಮವಾರ ಅಯ್ಯನವರು ಬಾಗಿಲು ಬಿಟ್ಟು ಕದಲಲಿಲ್ಲ. "ಹಿಟ್ಟು ಬ್ಯಾಡವ್ವ. ವಾರದ ಗುಳಿಗಿ ನುಂಗಿ ಖಾಲಿ ಪಾಕೀಟು ಹಾಕು. ನನಗ ಅದ ಭಿಕ್ಷಾ," ಎಂದು ಒಳಗಿದ್ದವಳಿಗೆ ಕೂಗಿದರು. ಬೇನೆ ಬಿದ್ದವರ ಮನೆಯಲ್ಲೆಲ್ಲ ಹೇಳುವ ಮಾತನ್ನೂ ಹೇಳಿದರು: "ಶಿವಾ ಅನ್ನೂದು ಬಾಯಿ ಕೆಲಸ, ಗುಳಿಗಿ ನುಂಗೂದೂ ಬಾಯಿ ಕೆಲಸ."

ಗುಳಿಗೆಗೆ ಅವ್ವನ ಹೊಟ್ಟೆ ತೊಳಸುತ್ತಿತ್ತು. ಮುಂದಿನ ಸೋಮವಾರ ಅವಳು ಗುಳಿಗೆಗಳನ್ನೆಲ್ಲ ಬಿಡಿಸಿ ಒಲೆಗೆಸೆದು, ಖಾಲಿ ಪಾಕೀಟನ್ನು ಜೋಳಿಗೆಗೆ ಹಾಕಿದಳು. ಅಯ್ಯನವರು ಅದನ್ನು ಹೊರತೆಗೆದು, ಪ್ರಸಾದದಂತೆ ಎರಡೂ ಕಣ್ಣಿಗೆ ಒತ್ತಿಕೊಂಡರು.

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ನುಂಗಿಲ್ರಿ ಅಯ್ಯಾರ. ಒಲಿಗೆ ಹಾಕೇನಿ."

ಬೈಯುತ್ತಾರೆಂದುಕೊಂಡೆ. ಅವರು ತಾವೇ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು.

"ಓಣಿ ಮಂದಿಗೆಲ್ಲ ಕೇಳೂ ಹಂಗ ಕೇಳಿದ್ದು ನನ್ನ ತಪ್ಪವ್ವ. ಹೊಟ್ಟಿ ತೊಳಸತೈತಿ ಅಂತ ದವಾಖಾನ್ಯಾಗ ಹೇಳೀಯೇನು?"

"ಇಲ್ರಿ. ಇವತ್ತ ಹೇಳ್ತೀನಿ."

ಅವ್ವ ಒಳಗಿನಿಂದ ಹೊಸ ಪಾಕೀಟು, ತಂಬಿಗೆಯಲ್ಲಿ ನೀರು ತಂದಳು. ಅವಳು ಅಂದಿನ ಗುಳಿಗೆ ನುಂಗುವುದನ್ನು ಅಯ್ಯನವರು ನೋಡಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ, ಖಾಲಿ ಜೋಳಿಗೆಯನ್ನು ಅಗಲಿಸಿ ಹಿಡಿದು, ಓಣಿಗೆ ಅವಳು ಕಾಣದಂತೆ ಅಡ್ಡ ನಿಂತಿದ್ದರು.