ದನಿ ಹೋಗಬೇಕಾದ ದಿಕ್ಕು

ಕಂಪ್ಯೂಟರಿಗೆ ಸಿಕ್ಕಿಸುವ, ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಬ್ಲೂಟೂತ್ ಅಡಾಪ್ಟರನ್ನು ಕೊಳ್ಳುವುದಕ್ಕೆ ಮನುಷ್ಯ ಎಷ್ಟು ಸಿಟ್ಟಾಗಬೇಕಾಗುತ್ತದೆ ಎಂಬುದನ್ನು ನಾನು ಈಚೆಗೆ ಅರಿತೆ. ಶಾಲೆಯಲ್ಲಿ ಮೇಷ್ಟರಾಗಿದ್ದಾಗ, ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯುವವರ ಮೇಲೆ ಬರುತ್ತಿದ್ದ ಸಿಟ್ಟೇ ಅದು. ನೌಕರಿ ಬಿಟ್ಟರೂ ಅದು ನನ್ನನ್ನು ಬಿಟ್ಟಿಲ್ಲ.

ಮಾನ್ವಿಯಲ್ಲಿರುವ ನನ್ನ ಅಕ್ಕ, ರಾಯಚೂರಿನ ಒಂದು ತರಬೇತಿ ಕೇಂದ್ರದ ಅಭ್ಯರ್ಥಿಗಳಿಗೆ ಮನೆಯಿಂದಲೇ, ಕಂಪ್ಯೂಟರಿನ ಮುಂದೆ ಕುಳಿತು ಕನ್ನಡ ಪಾಠ ಹೇಳುತ್ತಾಳೆ. ಅವಳ ಎರಡೂ ಕಿವಿಗಳು ಮಂದವಾಗಿವೆ. ಕಿವಿಯ ಯಂತ್ರಗಳ ಜೊತೆಗೆ ಕೊರಳಿಗೆ ಹಾಕಿಕೊಳ್ಳುವ ಇನ್ನೊಂದು ಚಿಕ್ಕ ಯಂತ್ರವೂ ಅವಳಿಗಿದೆ. ಬ್ಲೂಟೂತ್ ಮೂಲಕ ಬಂದ ದನಿಯನ್ನು ಅದು ನೇರವಾಗಿ ಕಿವಿಗೆ ಮುಟ್ಟಿಸುತ್ತದೆ. ಹೀಗಾಗಿ ಫೋನಿನ ಮಾತು ಅವಳಿಗೆ ಸ್ಪಷ್ಟ. ಹಳೆಯ ಕಂಪ್ಯೂಟರಿನಲ್ಲಿ ಬ್ಲೂಟೂತ್ ಇರಲಿಲ್ಲ. ಅದರ ಸ್ಪೀಕರಿನಿಂದ ಬಂದದ್ದು ಅವಳಿಗೆ ಬರೀ ಗದ್ದಲ. ಅಭ್ಯರ್ಥಿಗಳು ಕೇಳಿದ್ದೊಂದು, ಅವಳು ವಿವರಿಸಿದ್ದು ಇನ್ನೊಂದು. ಹೀಗೆಯೇ ಮುಂದುವರಿದರೆ ಬೇರೆಯವರನ್ನು ಗೊತ್ತುಮಾಡಬೇಕಾದೀತೆಂದು ಕೇಂದ್ರದವರು ನಯವಾಗಿ ತಿಳಿಸಿದ್ದರು.

ನಾನಿರುವುದು ದೇವದುರ್ಗದಲ್ಲಿ. ಬಸ್‌ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಬ್ಲೂಟೂತ್ ಬೇಕೆಂದೆ. ಅಂಗಡಿಯವ ತಲೆಯನ್ನೇ ಎತ್ತದೆ, “ಟ್ರ್ಯಾಕ್ಟರಿಗೇನ್ರಿ, ಮನಿಗೇನ್ರಿ?” ಎಂದ. ನಮ್ಮ ಕಡೆ ಹಾಡಿಲ್ಲದೆ ಟ್ರ್ಯಾಕ್ಟರ್ ರಸ್ತೆಗಿಳಿಯುವುದಿಲ್ಲ. ಆ ಅಂಗಡಿಯ ವ್ಯಾಪಾರವೆಲ್ಲ ಅದರ ಮೇಲೆಯೇ. ಮನೆಗೆ ಎಂದೆ. ಕೇಳಿದ ಪ್ರಶ್ನೆಗೆ ಉತ್ತರ ಸರಿಯಾಗಿತ್ತು. ಕೇಳಬೇಕಾದ ಪ್ರಶ್ನೆಯನ್ನು ಅವನೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಮಾನ್ವಿಗೆ ಹೋಗಿ, ಅವನು ಕೊಟ್ಟದ್ದನ್ನು ಅಕ್ಕನ ಕಂಪ್ಯೂಟರಿಗೆ ಸಿಕ್ಕಿಸಿದಾಗ ನೀಲಿ ದೀಪ ಹತ್ತಿತು. ಕಂಪ್ಯೂಟರ್ ಮಾತ್ರ ಅದನ್ನು ಗುರುತಿಸಲಿಲ್ಲ. ಹಿಂದೆ ನಿಂತಿದ್ದ ಭಾವ ನನ್ನ ಕಡೆ ಬಾಗಿ, ತಗ್ಗಿದ ದನಿಯಲ್ಲಿ ಹೇಳಿದರು: “ಲೈಟ್ ಹತ್ತೇದಲ್ಲ, ಮಾಲ್ ಚಲೋ ಅದ. ಕೆಟ್ಟಿದ್ದು ಆಕಿ ಕಿವಿ. ಮನ್ಯಾಗ ಆರಾಮ ಕುಂದರಂತ ನೀನರ ಹೇಳು.”

ಅಕ್ಕ ನಮ್ಮಿಬ್ಬರನ್ನೂ ನೋಡಿ ನಕ್ಕು ತಲೆಯಾಡಿಸಿದಳು. ಏನೂ ಕೇಳದಿದ್ದಾಗ ಅವಳು ಮಾಡುವುದು ಅದನ್ನೇ. ಆ ತಲೆಯಾಡಿಸುವಿಕೆಯನ್ನೇ ಒಪ್ಪಿಗೆ ಎಂದು ತಿಳಿದು, ಅವಳ ಕುರಿತ ಎಷ್ಟೋ ವಿಷಯಗಳನ್ನು ಆ ಮನೆಯಲ್ಲಿ ಅವಳೆದುರಿಗೇ ತೀರ್ಮಾನಿಸುತ್ತಿದ್ದರು. ನನ್ನ ಮೈ ಉರಿಯಿತು.

ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಒರೆಸಿಕೊಂಡು ಓದಿದೆ. ಅದು ಫೋನಿನ ಹಾಡನ್ನು ಬರಮಾಡಿಕೊಂಡು ಹಾಡಿನ ಪೆಟ್ಟಿಗೆಗೆ ಕೊಡುವ ಸಾಧನ. ಕಂಪ್ಯೂಟರಿನಿಂದ ಅದು ಪಡೆಯುವುದು ವಿದ್ಯುತ್ತನ್ನು ಮಾತ್ರ. ನಮಗೆ ಬೇಕಾದದ್ದು ಕಂಪ್ಯೂಟರಿನ ದನಿಯನ್ನು ಹೊರಗೆ ಕಳಿಸುವಂಥದ್ದು. ದಿಕ್ಕೇ ತಿರುಗುಮುರುಗು. ಡಬ್ಬಿಯ ಮುಖದ ಮೇಲೆ ಮಾತ್ರ, ಎಲ್ಲ ಸಾಧನಗಳಿಗೂ ಹೊಂದುತ್ತದೆ ಎಂಬ ಹಸಿ ಸುಳ್ಳು, ದಪ್ಪಕ್ಷರಗಳಲ್ಲಿ.

ಮರುದಿನವೇ ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು, ಅಕ್ಕನನ್ನೂ ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಅಲ್ಲಿಯ ದೊಡ್ಡ ಅಂಗಡಿಯಲ್ಲಿ ಕೊರಳ ಯಂತ್ರವನ್ನು ತೋರಿಸಿ ವಿವರಿಸುತ್ತಿರುವಾಗಲೇ ಅಂಗಡಿಯವ ಉದ್ದನೆಯ ಆಂಟೆನಾ ಇದ್ದದ್ದೊಂದನ್ನು ಮುಂದಿಟ್ಟು, ಇದು ಬಹಳ ದೂರ ಎಳೆಯುತ್ತದೆ ಎಂದ. ಅದು ವೈಫೈಗೆ ಮಾತ್ರ, ಬ್ಲೂಟೂತ್ ಅದರಲ್ಲಿಲ್ಲ. ನನ್ನ ದನಿ ಏರಿತು. ಮಾರುವ ವಸ್ತುವಿನ ಕೆಲಸವೇನೆಂದು ತಿಳಿಯದವನು ಅದನ್ನು ಮಾರಬಾರದೆಂದೆ. ಬೇರೆ ಗಿರಾಕಿಗಳು ತಿರುಗಿ ನೋಡಿದರು. ಅವನು ಮುಖ ಗಂಟಿಕ್ಕಿಕೊಂಡು, ಕಂಪ್ಯೂಟರಿಗೆಂದೇ ಮಾಡಿದ ಬ್ಲೂಟೂತ್ ಅಡಾಪ್ಟರೊಂದನ್ನು ಹುಡುಕಿ ತೆಗೆದ.

“ಇಲ್ಲೇ ಹಚ್ಚಿ ತೋರಸ್ರಿ,” ಎಂದೆ.

“ಇಲ್ಲಿ ಯಾರೂ ಹಂಗ ನೋಡಿ ಒಯ್ಯಂಗಿಲ್ರಿ ಸರ.”

“ನಾ ನೋಡೇ ಒಯ್ತೀನಿ.”

ಅವನು ಗೊಣಗುತ್ತ ಪೆಟ್ಟಿಗೆಯನ್ನು ತನ್ನ ಪರದೆಗೆ ಜೋಡಿಸಿ, ಕೊರಳ ಯಂತ್ರವನ್ನು ಕೂಡಿಸಿ, ಯಾವುದೋ ಮಾರುಕಟ್ಟೆಯ ವರದಿ ಹಾಕಿದ. ಅಕ್ಕ ಎಂದಿನಂತೆ ತಲೆಯಾಡಿಸಿದಳು. ನಾನು ಅದನ್ನು ಒಪ್ಪಲಿಲ್ಲ. ಕೇಳಿದ್ದನ್ನು ಬಾಯಿಬಿಟ್ಟು ಹೇಳೆಂದು ಸನ್ನೆ ಮಾಡಿದೆ.

“ತೊಗರಿ ಧಾರಣಿ ಇಳದದಂತ,” ಎಂದಳು. ಬಳಿಕ ಅಂಗಡಿಯವನ ಕಡೆ ತಿರುಗಿ, “ಹತ್ತಿದು ಇನ್ನೂ ಹೇಳಾಕತ್ಯಾನ, ಬಂದ್ ಮಾಡಬ್ಯಾಡ್ರಿ,” ಎಂದಳು.

ಅಂದು ಸಂಜೆಯ ಪಾಠಕ್ಕೆ ನಾನೂ ಅವಳ ಪಕ್ಕ ಕುಳಿತೆ. ಭಾವ ಬಾಗಿಲಲ್ಲಿ ನಿಂತಿದ್ದರು. ಪರದೆಯಲ್ಲಿ ಕೇಂದ್ರದ ವ್ಯವಸ್ಥಾಪಕ ಯಾರೊಂದಿಗೋ ಮಾತಾಡುತ್ತಿದ್ದ. ದನಿಯೆಲ್ಲ ಈಗ ಅಕ್ಕನ ಕಿವಿಗೇ ಹೋಗುತ್ತಿದ್ದುದರಿಂದ ನಮಗೆ ಕಾಣುತ್ತಿದ್ದದ್ದು ಅವನ ತುಟಿಗಳ ಅಲುಗಾಟ ಮಾತ್ರ. ಇವಳಿಗೆ ಕೇಳುವುದಿಲ್ಲವೆಂಬ ಧೈರ್ಯದಲ್ಲಿ ಅವನು ನಗುತ್ತ ಏನೋ ಅಂದ. ಅಕ್ಕ ತಲೆಯಾಡಿಸಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡಳು.

“ಬ್ಯಾರೆಯವರನ್ನ ಯಾಕ ಹುಡುಕ್ತೀರಿ ಸರ? ನಾ ಇಲ್ಲೇ ಕುಂತೀನಲ್ಲ. ಎಲ್ಲಾ ಕೇಳಾಕತ್ತದ.”

ಅವನು ಗಡಿಬಿಡಿಯಿಂದ ಪರದೆಯಿಂದ ಸರಿದು, ಅಭ್ಯರ್ಥಿಗಳನ್ನು ಮುಂದೆ ಬಿಟ್ಟ. ಏನೆಂದನೆಂದು ನಾನು ಕೇಳಿದೆ, ಮತ್ತೆ ಕೇಳಿದೆ. ಸಿಟ್ಟಿನಲ್ಲಿ ಅವಳ ತೋಳು ಹಿಡಿದೆ.

“ನೀ ಸುಮ್ನ ಕುಂದ್ರೋ, ಹುಡುಗ್ರು ಏನೋ ಕೇಳಾಕತ್ಯಾರ,” ಎಂದು ನನ್ನ ಕೈಯನ್ನು ಬದಿಗೆ ಸರಿಸಿ, ಅಕ್ಕ ಪಾಠ ಶುರುಮಾಡಿದಳು. ಅವನು ಅಂದದ್ದೇನೆಂದು ಇಂದಿಗೂ ನನಗೆ ಹೇಳಿಲ್ಲ.