ಕೂಗುವ ಹೇಂಟೆ

ಭಾಗ್ಯನಗರದಲ್ಲಿ ನಮ್ಮ ಪಕ್ಕದ ಮನೆಯಾಕೆ ಹಿತ್ತಲಲ್ಲಿ ಕೋಳಿ ಸಾಕಿದ್ದರು. ತತ್ತಿ ಕೇಳಲು ಹೋದರೆ, ಹೇಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಲದ ಕೆಳಗಿನ ಎಲುಬುಗಳ ನಡುವೆ ಬೆರಳಿಟ್ಟು ನೋಡುತ್ತಿದ್ದರು. ಸಂದು ಅಗಲವಾಗಿದ್ದರೆ ಅದು ಇನ್ನೂ ತತ್ತಿ ಇಡುತ್ತದೆ. ಬಿಗಿದುಕೊಂಡಿದ್ದರೆ ಪುಕ್ಕ ಸವರಿ ಕೆಳಗೆ ಬಿಟ್ಟು, "ಹೊಟ್ಟ್ಯಾಗ ತಂದಿದ್ದು ಮುಗೀತು ನೋಡ್ರಿ," ಎನ್ನುತ್ತಿದ್ದರು. ಮುದಿಯಾದವನ್ನು ಅವರು ಮಾರುತ್ತಿರಲಿಲ್ಲ, ಕೊಯ್ಯಿಸುತ್ತಲೂ ಇರಲಿಲ್ಲ.

ಅಂಥ ಒಂದು ಕಂದು ಹೇಂಟೆಗೆ ತತ್ತಿ ನಿಂತ ಮೇಲೆ ಜುಟ್ಟು ಕೆಂಪಗೆ ಬೆಳೆಯಿತು, ಕಾಲಿಗೆ ಹುಂಜಕ್ಕಿರುವಂಥ ಮುಳ್ಳು ಮೂಡಿತು. ಒಂದು ಸಂಜೆ ಅದು ಗೋಡೆ ಹತ್ತಿ ಹುಂಜದಂತೆ ಕೂಗಿತು. ಕೂಗಿದ ಹೇಂಟೆ ಮನೆಗೆ ಸಾವು ತರುತ್ತದೆಂದು ನಮ್ಮ ಕಡೆ ಯಾರೂ ಅದನ್ನು ಉಳಿಸುವುದಿಲ್ಲ.

"ಹ್ಯಾಂಟಿ ಕೂಗಿದ್ರ ಮನಿಗಿ ಛಲೋ ಅಲ್ರಿ ಅಕ್ಕಾರ, ಕೊಯ್ಸಿಬಿಡ್ರಿ," ಎಂದಳು ನನ್ನ ಅವ್ವ.

"ಕೂಗ್ಲಿ ಬಿಡ್ರಿ. ನನ್ನ ಕರ್ಯಾಕತ್ತೇತಿ."

ಅಂದಿನಿಂದ ಪ್ರತಿ ಸಂಜೆ ಅದು ಅವರ ಬಾಗಿಲಿನತ್ತ ತಿರುಗಿ ಕೂಗುತ್ತಿತ್ತು. ಒಳಗಿನಿಂದ ಅವರು, "ಬಂದ್ನಿ ತಡಿಬೇ," ಎನ್ನುತ್ತಿದ್ದರು. ನಮಗೂ ಅದು ರೂಢಿಯಾಯಿತು.

ಒಮ್ಮೆ ಕೂಗು ಕೇಳಿತು, ಉತ್ತರ ಬರಲಿಲ್ಲ. ಗಾಬರಿಯಿಂದ ಅವ್ವನೂ ನಾನೂ ಓಡಿದೆವು. ಅವರು ಹಿತ್ತಲ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು.

"ಯಾಕ್ರಿ ಅಕ್ಕಾರ, ಇವತ್ತ ಓ ಅನ್ನಲಿಲ್ಲಲ್ರಿ?" ಎಂದು ಅವ್ವ ಕೇಳಿದಳು.

ಅವರು ಅವ್ವನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಮಣಿಕಟ್ಟಿನ ಎಲುಬುಗಳ ನಡುವೆ ಮೆಲ್ಲಗೆ ಬೆರಳಿಟ್ಟು ನೋಡಿದರು.

"ಇವತ್ತ ನನ್ನ ಕರೀಲಿಲ್ರಿ. ನಿಮ್ಮ ಬಾಗಲದ ಕಡೆ ಮಕಾ ಮಾಡಿ ಕೂಗ್ತು."