ಗಂಟಲು ನೋವಿಗೆ ಸತ್ತ ಮಾಟಗಾತಿ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆರು ಸಂಪುಟಗಳ ಆ ಮಾಯಾಲೋಕದ ಕಾದಂಬರಿಯಲ್ಲಿ ಸೇತುವೆ ಕಾಯುವ ಮಾಟಗಾತಿ ಮುದುಕಿಯನ್ನು ಕೊಂದವನು ನಾನು. ಬರೆದವರು ಅವಳನ್ನು ಕೊನೆಯ ಪುಟದವರೆಗೂ ಗುಂಡುಕಲ್ಲಿನಂತೆ ಇಟ್ಟಿದ್ದರು. ನಾನು ಮೂರನೆಯ ಸಂಪುಟದಲ್ಲೇ ಹೊಳೆಗೆ ನೂಕಿದೆ. ಅವಳ ದನಿ ಮಾಡಿದರೆ ನನಗೆ ಗಂಟಲು ನೋಯುತ್ತಿತ್ತು, ಅಷ್ಟೇ ಕಾರಣ.

ಹೈಸ್ಕೂಲಿನ ಬೇಸಿಗೆ ರಜೆಗೆ ನಮ್ಮೂರು ಪುರವರದಿಂದ ಪಾವಗಡದ ಕಡೆಯ ಸೋದರತ್ತೆಯ ಮನೆಗೆ ಹೋಗುತ್ತಿದ್ದೆ. ಜಗಲಿಯ ಮೇಲೆ ಅತ್ತೆ ಮತ್ತು ನೆರೆಮನೆಯ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನಾನು ಇಂಗ್ಲಿಷ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅರ್ಥವಾದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೆ, ಅರ್ಥವಾಗದ್ದನ್ನು ಇನ್ನೂ ಜೋರಾಗಿ ಹೇಳುತ್ತಿದ್ದೆ. ರಾಜನಿಗೆ ನಮ್ಮ ಹೆಡ್ಮಾಸ್ಟರ ದನಿ, ಡ್ರ್ಯಾಗನ್‌ಗೆ ಬೆಳಗ್ಗೆ ಸ್ಟಾರ್ಟ್ ಆಗದ ಟ್ರ್ಯಾಕ್ಟರಿನ ದನಿ. ದನಿ ಸರಿಯಿದ್ದರೆ ಕುಟ್ಟುವ ಸದ್ದು ನಿಲ್ಲುತ್ತಿತ್ತು. ಇಲ್ಲದಿದ್ದರೆ ಟಕಟಕ ಮುಂದುವರಿಯುತ್ತಿತ್ತು. ಇವತ್ತು ವೇದಿಕೆ ಹತ್ತಿ ಮಿಮಿಕ್ರಿ ಮಾಡುವ ನನಗೆ ಆ ಜಗಲಿಗಿಂತ ಒಳ್ಳೆಯ ಶಾಲೆ ಸಿಕ್ಕಿಲ್ಲ.

ಮಾಟಗಾತಿಗೆ ಮಾತ್ರ ಉಸಿರನ್ನು ಒಳಗೆಳೆದು ಕೀರಲಾಗಿ ಮಾತಾಡಬೇಕಿತ್ತು. ಅತ್ತೆಗೆ ಅವಳೇ ಅಚ್ಚುಮೆಚ್ಚು. ಒಂದು ಮಧ್ಯಾಹ್ನ ಗಂಟಲು ಪೂರ್ತಿ ಕೈಕೊಟ್ಟಾಗ ಮುದುಕಿಯನ್ನು ಮುಳುಗಿಸಿದೆ. ಅತ್ತೆ ಎದ್ದು ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದಳು.

"ಕಥೇಲಿ ಸತ್ರೂ ಸ್ನಾನವಾ ಅತ್ತೆ?"

"ಸಾವಿನ ಸುದ್ದಿ ಕೇಳಿ ಅಂಗೇ ಒಲೆ ಮುಟ್ಟೋಕಾಯ್ತದೇನ್ಲಾ? ಪಾಪ, ಬಾಯಿಗೆ ನೀರು ಬುಡೋಕೂ ಒಬ್ರು ಇರ್ನಿಲ್ಲ ಅವ್ಳಿಗೆ."

ಅವತ್ತೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಮುಂದೆ ಮಾಟಗಾತಿ ಮಾಡಿದ್ದನ್ನೆಲ್ಲ ರಾಜನ ಅಡುಗೆಭಟ್ಟನ ಕೈಯಲ್ಲಿ ಮಾಡಿಸಿದೆ.

ಕಾದಂಬರಿ ಒಂದೊಂದೇ ಭಾಗವಾಗಿ ಸಿನಿಮಾ ಆಯಿತು. ಮೊದಲ ಐದು ಭಾಗ ತುಮಕೂರು ದಾಟಿ ಈಚೆ ಬರಲಿಲ್ಲವಾದ್ದರಿಂದ ನಾನೇ ನೋಡಿ ಬಂದು, ಹಳೆಯ ಸುಳ್ಳಿಗೆ ಸುಣ್ಣ ಬಳಿದು ಅತ್ತೆಗೆ ಹೇಳಿದೆ. ಕೊನೆಯ ಭಾಗದ ಟೀಸರ್ ಬಂದಾಗ ನಿದ್ದೆಗಣ್ಣಲ್ಲೂ ಅದನ್ನೇ ನೋಡಿದವನು ನಾನು. ಅತ್ತೆಯೂ ಫೋನ್ ಮಾಡಿದಾಗಲೆಲ್ಲ "ಕೊನೇದು ಬಂತೇನ್ಲಾ?" ಎನ್ನುತ್ತಿದ್ದಳು. ಬಿಡುಗಡೆ ಮುಂದಕ್ಕೆ ಹೋದಾಗ ಲೋಕದ ಅಭಿಮಾನಿಗಳೆಲ್ಲ ಗೋಳಾಡಿದರು. ಆಂಜನೇಯನಿಗೆ ಕಾಯಿ ಒಡೆದವನು ಬಹುಶಃ ನಾನೊಬ್ಬನೇ. ಈ ಸಲ ಸಣ್ಣ ಊರುಗಳಿಗೂ ಬರುತ್ತದೆ ಎಂಬ ಸುದ್ದಿಯಿತ್ತು. ಮುದುಕಿ ಬದುಕಿದ್ದಾಳೆಂದು ಅತ್ತೆಗೆ ಗೊತ್ತಾದರೆ ಇನ್ನು ನನ್ನ ಯಾವ ಕಥೆಗೂ ಅವಳ ಕುಟ್ಟುವ ಕೈ ನಿಲ್ಲುವುದಿಲ್ಲವಲ್ಲ ಎಂಬ ಭಯ.

ಬಂತು. ಬಂದದ್ದು ಪಾವಗಡಕ್ಕೇ, ಅದೂ ತೆಲುಗಿನಲ್ಲಿ. ಆಂಧ್ರದ ಗಡಿಯಲ್ಲೇ ಬಾಳಿದ ಅತ್ತೆಗೆ ತೆಲುಗು ನೀರು ಕುಡಿದಷ್ಟು ಸಲೀಸು. ನನ್ನ ತೆಲುಗು ಬಸ್ ಟಿಕೆಟ್ ಕೇಳುವಷ್ಟು.

"ಬಾರ್ಲಾ, ಈ ಸಲ ನಾನು ಹೇಳ್ತೀನಿ, ನೀನು ಕೇಳು," ಎಂದಳು.

ಕತ್ತಲಲ್ಲಿ ಅತ್ತೆ ಕಿವಿಯ ಹತ್ತಿರ ಬಾಗಿ ಕನ್ನಡದಲ್ಲಿ ಹೇಳತೊಡಗಿದಳು. ರಾಜನಿಗೆ ಹೆಡ್ಮಾಸ್ಟರ ದನಿ, ಕೆಮ್ಮಿನ ಸಮೇತ. ಡ್ರ್ಯಾಗನ್‌ಗೆ ನನ್ನದೇ ಟ್ರ್ಯಾಕ್ಟರ್. ಆ ಹೆಡ್ಮಾಸ್ಟರ ಮುಖವನ್ನೂ ಕಾಣದ ಅತ್ತೆ ನನ್ನ ಗಂಟಲನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು. ಯಾವ ಚಪ್ಪಾಳೆಗೂ ನನ್ನ ಕಣ್ಣು ಹಾಗೆ ತುಂಬಿದ್ದಿಲ್ಲ.

ಇಂಟರ್‌ವಲ್ ಆದ ಮೇಲೆ ಸೇತುವೆಯ ಮೇಲೆ ಕೋಲೂರಿಕೊಂಡು ಮುದುಕಿ ಬಂದಳು. ಅತ್ತೆಯ ಪಿಸುಮಾತು ನಿಂತಿತು.

ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ಎಲ್ಲ ಒಪ್ಪಿಕೊಂಡೆ. "ಆ ದನಿಗೆ ಗಂಟ್ಲು ನೋಯ್ತಿತ್ತು ಅತ್ತೆ, ಅದಕ್ಕೇ ಸಾಯಿಸ್ದೆ. ಇನ್ಮೇಲೆ ನನ್ನ ಕಥೆ ಕೇಳ್ತೀಯೋ ಇಲ್ವೋ?"

ಅತ್ತೆ ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಗಂಟ್ಲು ನೋಯ್ತು ಅಂತ ಅವ್ಳನ್ನ ಹೊಳೆಗೆ ನೂಕ್ಬುಟ್ಟೆ. ಇಷ್ಟು ವರ್ಷ ನಿನ್ ಮಾತು ಕೇಳಿ ಕೇಳಿ ನನ್ ಕಿವಿ ನೊಂದೈತೆ. ನಿನ್ನ ನೂಕಿದ್ನೇನ್ಲಾ?"